ಅಮ್ಮನ ಜೊತೆ ಹಡಗಿನ ಪ್ರವಾಸ: ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದವಳು. ಅಮ್ಮ ಸಕಲೇಶಪುರದ ಹತ್ತಿರ ಒಂದು ಸಣ್ಣ ತೋಟದ ಮನೆಯಲ್ಲಿದ್ದಾರೆ. ಅರವತ್ತೇಳನೇ ವಯಸ್ಸಿಗೆ ಅವರು ಮೊದಲ ಸಲ ಹಡಗು ಹತ್ತಿದರು, ಮುಂಬೈಯಿಂದ ಗೋವಾಕ್ಕೆ. ಎರಡು ವರ್ಷ ಬಿಟ್ಟು ಸಿಂಗಾಪುರದಿಂದ ಇನ್ನೊಂದು ಸಲ ಹೋಗಿ ಬಂದೆವು. ಅವತ್ತಿನಿಂದ ಮದುವೆ ಮನೆಯಲ್ಲಿ, ವಾಟ್ಸಾಪಿನಲ್ಲಿ, ಒಮ್ಮೆ ಹೇರ್‌ಪಿನ್ ತಿರುವಿನಲ್ಲಿ ಹೋಗುತ್ತಿದ್ದ ಬಸ್ಸಿನಲ್ಲೂ ಜನ ಇವೇ ಪ್ರಶ್ನೆಗಳನ್ನು ಕೇಳಿದ್ದಾರೆ. ಅವರು ಕೇಳಿದ ಹಾಗೇ ಬರೆದಿದ್ದೇನೆ.

## ಮೊದಮೊದಲು ಕೇಳುವುದು

ಕ್ರೂಸ್ ಅಂದ್ರೆ ಏನು? ಹಡಗಲ್ಲಿ ಕೂತ್ಕೊಂಡು ಮೂರು ದಿನ ಏನ್ ಮಾಡೋದು?

ತೇಲುವ ಹೋಟೆಲ್ ಅಂದುಕೊಳ್ಳಿ. ಮಲಗುವ ಕೋಣೆ, ಮೂರು ಹೊತ್ತಿನ ಊಟ, ಸಂಜೆಯ ಹಾಡು ಕುಣಿತ ಎಲ್ಲ ಒಂದೇ ಟಿಕೆಟ್ಟಿನಲ್ಲಿ ಬರುತ್ತದೆ. ರಾತ್ರಿ ಹಡಗು ಸಾಗುತ್ತದೆ, ಬೆಳಿಗ್ಗೆ ಕಣ್ಣು ಬಿಟ್ಟರೆ ಬೇರೆ ಊರು. ಬಟ್ಟೆ ಗಂಟು ಬಿಚ್ಚುವುದು ಒಂದೇ ಸಲ. ನಮ್ಮ ದೇಶದ ಬಂದರುಗಳಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಕಟ್ಟಿದ್ದು. 11 ಅಂತಸ್ತು, ಉದ್ದ ಸುಮಾರು 210 ಮೀಟರ್. ಶ್ರವಣಬೆಳಗೊಳದ ಗೊಮ್ಮಟನ ಎತ್ತರದ ಹನ್ನೆರಡು ಪಟ್ಟು ಅಂದಾಗ ಅಮ್ಮನಿಗೆ ಅಳತೆ ಸಿಕ್ಕಿತು.

ಏನು ಮಾಡುವುದು ಅಂದರೆ, ಏನೂ ಮಾಡದೆ ಇರುವುದು. ನಲವತ್ತೈದು ವರ್ಷ "ನಾಳೆ ತಿಂಡಿಗೆ ಏನು" ಅಂತ ಯೋಚಿಸಿಯೇ ಮಲಗಿದ ಹೆಂಗಸಿಗೆ ಅದು ಸಣ್ಣ ವಿಷಯ ಅಲ್ಲ. ನೆಂಟರ ಮನೆಗೆ ಹೋದರೂ ಅಮ್ಮ ಒಳಗೆ ಹೋಗಿ ಈರುಳ್ಳಿ ಹೆಚ್ಚುತ್ತಾರೆ. ಹಡಗಿನ ಅಡುಗೆ ಮನೆಗೆ ಅವರನ್ನು ಬಿಡುವುದಿಲ್ಲ. ನಾನು ಈ ಪ್ರವಾಸ ಆರಿಸಿದ್ದೇ ಅದಕ್ಕೆ.

ನಮ್ಮೂರಿಗೆ ಸಮುದ್ರವೇ ಇಲ್ಲ. ಮಂಗಳೂರಿಂದ ಹತ್ತೋಕೆ ಆಗಲ್ವಾ?

ಪಣಂಬೂರಿನ ನವ ಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಆದರೆ ಆ ಪ್ರವಾಸಿಗರು ಇಳಿದು, ಮೂಡಬಿದಿರೆ, ಕುದ್ರೋಳಿ ನೋಡಿ, ಸಂಜೆ ವಾಪಸ್ ಹತ್ತಿ ಹೋಗುತ್ತಾರೆ. ನಮ್ಮಂಥವರು ರಜೆಗೆ ಹತ್ತುವ ಹಡಗುಗಳು ಹೆಚ್ಚಾಗಿ ಮುಂಬೈಯಿಂದ ಹೊರಡುತ್ತವೆ. ಕೆಲವು ಕಾಲದಲ್ಲಿ ಕೊಚ್ಚಿ, ಚೆನ್ನೈ, ವಿಶಾಖಪಟ್ಟಣದಿಂದಲೂ ಇರುತ್ತವೆ. ಮಾರ್ಗಗಳು ಪ್ರತಿ ವರ್ಷ ಬದಲಾಗುತ್ತವೆ. ಕಳೆದ ವರ್ಷ ಹೋದವರ ಮಾತು ನಂಬಿ ರೈಲು ಟಿಕೆಟ್ ಮಾಡಿಸಬೇಡಿ.

ಅಮ್ಮ ಒಪ್ಪೋದೇ ಇಲ್ಲ. "ಆ ದುಡ್ಡಲ್ಲಿ ನಿಂಗೊಂದು ಬಳೆ ಮಾಡಿಸ್ಕೊ" ಅಂತಾರೆ. ಹೇಗೆ ಒಪ್ಪಿಸೋದು?

ಈ ಪ್ರಶ್ನೆ ಕೇಳದ ಮಗಳೇ ಇಲ್ಲ. ನನ್ನ ಅನುಭವದಲ್ಲಿ ಎರಡು ವಿಷಯ ಕೆಲಸ ಮಾಡಿದವು.

ಒಂದು, ಗುಟ್ಟಾಗಿ ಟಿಕೆಟ್ ಮಾಡಿಸಿ "ಸರ್ಪ್ರೈಸ್" ಅನ್ನಬೇಡಿ. ಅವರಿಗೆ ಹಿಂದಿನ ವಾರ ಹೇಳಿದರೆ ದನ ಯಾರು ನೋಡಿಕೊಳ್ಳುತ್ತಾರೆ, ಆಳುಗಳಿಗೆ ಬಟವಾಡೆ ಯಾರು ಕೊಡುತ್ತಾರೆ ಅನ್ನುವ ಚಿಂತೆಯಲ್ಲೇ ಹಡಗು ಹತ್ತುತ್ತಾರೆ. ಮೂರು ತಿಂಗಳು ಮೊದಲೇ ಹೇಳಿ, ಆ ಏರ್ಪಾಡುಗಳನ್ನು ಅವರೇ ಮಾಡಲಿ.

ಎರಡು, ಅವರಿಗೊಂದು ಆಯ್ಕೆ ಬಿಡಿ. ನಾನು ಎರಡು ದಿನಾಂಕ, ಎರಡು ಕೋಣೆಯ ಫೋಟೋ ಮುಂದಿಟ್ಟೆ. ಅಮ್ಮ ಅರ್ಧ ಗಂಟೆ ನೋಡಿದರು. "ಕಿಟಕಿ ಇರೋದೇ ತಗೊ" ಅಂದರು. ದುಡ್ಡಿನ ಮಾತು ಅಲ್ಲಿಗೆ ನಿಂತಿತು.

ಇನ್ನೂ ಅಂಜಿಕೆ ಇದ್ದರೆ ಮೊದಲು ಮಲ್ಪೆಗೆ ಕರೆದುಕೊಂಡು ಹೋಗಿ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದರೆ ನೀರಿನ ಮೇಲೆ ಅವರಿಗೆ ಹೇಗೆ ಅನಿಸುತ್ತದೆ ಅಂತ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಆ ದೋಣಿ ಇರುವುದಿಲ್ಲ.

ಅತ್ತೆನ ಬಿಟ್ಟು ಅಮ್ಮನ ಜೊತೆ ಮಾತ್ರ ಹೋದ್ರೆ ಮನೇಲಿ ಏನಂತಾರೋ?

ನೇರವಾಗಿ ಹೇಳಿಬಿಡಿ. "ಇದು ನಾನು ಅಮ್ಮ ಇಬ್ಬರೇ ಹೋಗೋದು" ಅಂತ ಮೊದಲ ದಿನವೇ ಹೇಳಿದರೆ ಒಂದು ದಿನದ ಮುನಿಸು. ಕೊನೆಗೆ ತಿಳಿದರೆ ಒಂದು ವರ್ಷದ್ದು. ಇಬ್ಬರು ಅಮ್ಮಂದಿರನ್ನೂ ಒಟ್ಟಿಗೆ ಕರೆದುಕೊಂಡು ಹೋಗುವುದೂ ಚೆನ್ನ, ಆದರೆ ಅದು ಬೇರೆ ಪ್ರವಾಸ. ಆಗ ನೀವು ಮಗಳಾಗಿ ಹೋಗುವುದಿಲ್ಲ, ಮನೆ ನಡೆಸುವವರಾಗಿ ಹೋಗುತ್ತೀರಿ.

ಹಡಗು ಮುಳುಗಿಬಿಟ್ರೆ?

ಅಮ್ಮನ ಮೊದಲ ಪ್ರಶ್ನೆ ಇದೇ. ಟೈಟಾನಿಕ್ 1912ರಲ್ಲಿ ಮುಳುಗಿದಾಗ ಅದರಲ್ಲಿ ಎಲ್ಲರಿಗೂ ಸಾಕಾಗುವಷ್ಟು ಜೀವರಕ್ಷಕ ದೋಣಿ ಇರಲಿಲ್ಲ. ಆ ದುರಂತದಿಂದಲೇ 1914ರಲ್ಲಿ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಬಂತು. ಈಗ ಹಡಗಿನಲ್ಲಿ ಪ್ರತಿಯೊಬ್ಬರಿಗೂ ಜೀವರಕ್ಷಕ ದೋಣಿ ಅಥವಾ ತೆಪ್ಪದಲ್ಲಿ ಜಾಗ, ತೇಲುವ ಜಾಕೆಟ್ ಇರಲೇಬೇಕು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆಮೇಲೆ ನಿಯಮ ಇನ್ನೂ ಬಿಗಿಯಾಯಿತು. ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಎಲ್ಲರಿಗೂ ಸುರಕ್ಷತಾ ಡ್ರಿಲ್ ಆಗಬೇಕು. ಅದನ್ನು ತಪ್ಪಿಸಬೇಡಿ. ಅಮ್ಮನ ಕೈ ಹಿಡಿದು, ನಮ್ಮ ದೋಣಿ ಎಲ್ಲಿದೆ, ಲಿಫ್ಟ್ ಇಲ್ಲದೆ ಅಲ್ಲಿಗೆ ಹೇಗೆ ಹೋಗುವುದು ಅಂತ ಒಮ್ಮೆ ನಡೆದು ನೋಡಿ.

## ಯಾವಾಗ, ಎಷ್ಟು, ಯಾವ ಕೋಣೆ

ತೋಟ ಇಟ್ಕೊಂಡೋರಿಗೆ ಯಾವ ತಿಂಗಳು ಸರಿ?

ನಮ್ಮ ಕಡೆ ಇದು ದೊಡ್ಡ ತೊಡಕು. ಪಡುವಣ ಕರಾವಳಿಯಲ್ಲಿ ಹಡಗಿನ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಮೇ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರು, ಅದರ ಹಿಂದೆಯೇ ರೋಬಸ್ಟಾ, ಫೆಬ್ರವರಿ ತನಕ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಆಮೇಲೆ ಕಾಫಿ ಹೂ ಅರಳಿಸುವ ಮಳೆಯ ಕಾಯುವಿಕೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಹೂವಾಗುವ ಹೊತ್ತಿನಲ್ಲಿ ಅಮ್ಮ ಎಲ್ಲಿಗೂ ಬರುವುದಿಲ್ಲ.

ಹಾಗಾಗಿ ಎರಡೇ ಕಿಂಡಿ. ಏಪ್ರಿಲ್ ತಿಂಗಳು ಒಂದು. ಬಿಸಿಲು ಜಾಸ್ತಿ, ಆದರೆ ಅರಬ್ಬಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಮಕ್ಕಳಿಗೂ ರಜೆ. ಮೇ ಕೊನೆಗೆ ಹೋದಷ್ಟೂ ಮುಂಗಾರು, ಚಂಡಮಾರುತದ ಭಯ. ಇನ್ನೊಂದು, ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್. ಅಲ್ಲೂ ಪಂಚಾಂಗ ನೋಡಿ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ ತೆರೆಯುತ್ತದೆ. ಆ ದಿನಗಳಲ್ಲಿ ಟಿಕೆಟ್ ಮಾಡಿಸಿದರೆ ಕ್ಯಾನ್ಸಲ್ ಮಾಡಿಸಬೇಕಾದೀತು. ನಾವು ಏಪ್ರಿಲ್ ಆರಿಸಿದೆವು.

ಒಟ್ಟು ಎಷ್ಟು ಖರ್ಚಾಗುತ್ತೆ? ಜಾಹೀರಾತಲ್ಲಿ ಕಮ್ಮಿ ಇರುತ್ತಲ್ಲ?

ಜಾಹೀರಾತಿನ ದರ ಒಬ್ಬರಿಗೆ, ಅದೂ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ. ಅಮ್ಮ ಮಗಳಿಗೆ ಇದು ಸರಿಯಾಗಿ ಕೂರುತ್ತದೆ. ಒಬ್ಬರೇ ಹೋದರೆ ಎರಡನೆಯವರ ದುಡ್ಡಿನಲ್ಲೂ ಒಂದು ಪಾಲು ಕಟ್ಟಬೇಕಾಗುತ್ತದೆ.

ಆ ದರದ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸ್ ಸೇರುತ್ತವೆ. ಮದ್ಯ, ವೈಫೈ, ಸ್ಪಾ, ದಡದಲ್ಲಿ ಊರು ತೋರಿಸುವ ಬಸ್ಸು ಎಲ್ಲ ಬೇರೆ. ನಮ್ಮ ಮೊದಲ ಟಿಕೆಟ್ ಮಾಡಿಕೊಟ್ಟ ಏಜೆಂಟರು "ಎಲ್ಲಾ ಸೇರಿ" ಅಂದಿದ್ದರು. ದುಡ್ಡು ಕಟ್ಟಿದ ಮೇಲೆ ಬಂದರು ಶುಲ್ಕ, ಟಿಪ್ಸ್ ಎರಡೂ ಹೊರಗೆ ಬಂದವು. ಅಮ್ಮನ ಎದುರು ಆ ಲೆಕ್ಕ ಆಗಿದ್ದು ನನಗೆ ತುಂಬ ಬೇಸರ ಆಯಿತು. ಯಾಕೆಂದರೆ ಎರಡು ದಿನ ನಾನು ಏನು ಕೊಡಿಸಿದರೂ ಅವರು "ಇದಕ್ಕೂ ದುಡ್ಡಾ" ಅಂತಲೇ ಕೇಳಿದರು. ಕೊನೆಯ ಮೊತ್ತ ಎಷ್ಟು, ಅದರಲ್ಲಿ ಏನೇನು ಸೇರಿಲ್ಲ ಅಂತ ಬರಹದಲ್ಲಿ ತರಿಸಿಕೊಳ್ಳಿ. ಶನಿವಾರ ಭಾನುವಾರ ಬಿಟ್ಟು ವಾರದ ನಡುವೆ ಹೊರಡುವ ಹಡಗು ಸಾಮಾನ್ಯವಾಗಿ ಅಗ್ಗ.

ಕಿಟಕಿ ಇಲ್ಲದ ಕೋಣೆ ಸಾಕಲ್ವಾ? ಮಲಗೋಕೆ ತಾನೇ?

ಗೆಳತಿಯರ ಜೊತೆ ಹೋದರೆ ಸಾಕು. ಅಮ್ಮನ ಜೊತೆ ಬೇಡ. ತೋಟದ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಏಳುವವರಿಗೆ ಒಳಗಿನ ಕೋಣೆಯಲ್ಲಿ ಹಗಲು ರಾತ್ರಿ ತಿಳಿಯುವುದಿಲ್ಲ, ಉಸಿರು ಕಟ್ಟಿದಂತೆ ಆಗುತ್ತದೆ. ಕಿಟಕಿಯ ಕೋಣೆ ಸಾಕು. ಬಾಲ್ಕನಿ ಸಿಕ್ಕರೆ ಪುಣ್ಯ.

"ಗ್ಯಾರಂಟಿ ಕೋಣೆ" ಅಂತ ಅಗ್ಗದ ದರ ಇರುತ್ತದೆ. ಅಂದರೆ ಯಾವ ಕೋಣೆ ಅಂತ ಕಂಪನಿ ಆರಿಸುತ್ತದೆ. ವಯಸ್ಸಾದವರು ಜೊತೆಗಿದ್ದರೆ ಅದನ್ನು ಬಿಡಿ. ಹಡಗಿನ ನಡು ಭಾಗ, ಕೆಳಗಿನ ಅಂತಸ್ತು, ಲಿಫ್ಟಿಗೆ ಹತ್ತಿರ, ಇಷ್ಟು ಕೇಳಿ. ಎರಡು ಬೇರೆ ಹಾಸಿಗೆ ಬೇಕು ಅಂತ ಮೊದಲೇ ಹೇಳಿ.

ಆಧಾರ್ ಸಾಕಾ, ಪಾಸ್‌ಪೋರ್ಟ್ ಬೇಕಾ?

ದೇಶದೊಳಗಿನ ಬಂದರುಗಳಿಗಾದರೆ ಆಧಾರ್ ಅಥವಾ ಮತದಾರರ ಚೀಟಿಯಂಥ ಫೋಟೋ ಇರುವ ಗುರುತು ಸಾಕು. ಟಿಕೆಟ್ಟಿನ ಹೆಸರು ಗುರುತಿನ ಚೀಟಿಯ ಹಾಗೇ ಇರಬೇಕು. ನಮ್ಮ ತಾಯಂದಿರ ಹೆಸರು ಒಂದರಲ್ಲಿ "ಅಮ್ಮ" ಸೇರಿ, ಇನ್ನೊಂದರಲ್ಲಿ ಗಂಡನ ಹೆಸರು ಸೇರಿ ಇರುತ್ತದೆ, ಅಲ್ವಾ? ಟಿಕೆಟ್ ಮಾಡುವ ಮೊದಲೇ ನೋಡಿಕೊಳ್ಳಿ. ವಿದೇಶಕ್ಕಾದರೆ ಕನಿಷ್ಠ 6 ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಬೇಕು.

ಹಾಸನದಿಂದ ಮುಂಬೈಗೆ ಹೇಗೆ ಹೋಗೋದು ಒಳ್ಳೇದು?

ವಿಮಾನಕ್ಕೆ ಬೆಂಗಳೂರು ಅಥವಾ ಮಂಗಳೂರು. ಮಂಗಳೂರು ಹತ್ತಿರವೇ, ಆದರೆ ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬುವಂತಿಲ್ಲ. ರೈಲಿಗಾದರೆ ಅರಸೀಕೆರೆಗೆ ಹೋಗಿ, ವಾರದಲ್ಲಿ ಕೆಲವು ದಿನ ಮುಂಬೈಯ ದಾದರ್ ಕಡೆಗೆ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್ ಸಿಗುತ್ತದೆ. ಹೇಗೆ ಹೋದರೂ ಒಂದು ದಿನ ಮೊದಲೇ ಮುಂಬೈ ಸೇರಿ, ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಹತ್ತಿರ ಉಳಿಯಿರಿ. ಹಡಗು ಹೊರಡುವ ಸಾಕಷ್ಟು ಮೊದಲೇ ಹತ್ತುವ ಬಾಗಿಲು ಮುಚ್ಚುತ್ತಾರೆ. ರೈಲು ತಡ ಆಯಿತು ಅಂದರೆ ಯಾರೂ ಕಾಯುವುದಿಲ್ಲ.

## ಮೈ, ಊಟ, ಬಟ್ಟೆ

ಅಮ್ಮನಿಗೆ ಶಿರಾಡಿ ಘಾಟಿಯಲ್ಲೇ ವಾಂತಿ ಆಗುತ್ತೆ. ಹಡಗಲ್ಲಿ ಗತಿ ಏನು?

ಒಳಕಿವಿಗೆ ಅಲುಗಾಟ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವ ಗೋಡೆ ಮಾತ್ರ ಅಲುಗುವುದಿಲ್ಲ. ಈ ಎರಡರ ತಿಕ್ಕಾಟದಿಂದಲೇ ಹೊಟ್ಟೆ ತೊಳಸುವುದು. ದೊಡ್ಡ ಹಡಗಿಗೆ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ, ಓಲಾಟ ಕಡಿಮೆ ಮಾಡುತ್ತವೆ. ಘಾಟಿಯ ತಿರುವಿನ ಹಾಗೆ ಎಳೆದಾಡುವುದಿಲ್ಲ. ಶಿರಾಡಿಯಲ್ಲಿ ಮೂರು ಕಡೆ ಕಾರು ನಿಲ್ಲಿಸುವ ನಮ್ಮಮ್ಮ ಹಡಗಿನಲ್ಲಿ ಒಮ್ಮೆಯೂ ವಾಂತಿ ಮಾಡಲಿಲ್ಲ. ಎಲ್ಲರಿಗೂ ಹೀಗೇ ಅಂತ ನಾನು ಹೇಳಲಾರೆ.

ತಲೆ ತಿರುಗಿದರೆ ಡೆಕ್ಕಿಗೆ ಬಂದು, ಆಕಾಶ ನೀರು ಸೇರುವ ಗೆರೆಯನ್ನೇ ನೋಡುತ್ತಾ ನಿಲ್ಲಿ. ಖಾಲಿ ಹೊಟ್ಟೆ ಬೇಡ, ತುಂಬಿದ ಹೊಟ್ಟೆಯೂ ಬೇಡ. ಶುಂಠಿ ಕೆಲವರಿಗೆ ಹಿಡಿಸುತ್ತದೆ. ಅವೊಮಿನ್‌ನಂಥ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅಲ್ಲ. ಆದರೆ ಅದು ನಿದ್ದೆ ತರಿಸುತ್ತದೆ. ವಯಸ್ಸಾದವರು ಮಂಪರಿನಲ್ಲಿ ಎದ್ದು ಬೀಳಬಹುದು. ಬೇರೆ ಮಾತ್ರೆಗಳ ಜೊತೆ ಹೊಂದುತ್ತದೆಯೇ ಅಂತ ನಿಮ್ಮ ಡಾಕ್ಟರನ್ನು ಕೇಳಿಯೇ ಕೊಡಿ.

ಬಿಪಿ, ಶುಗರ್ ಇದೆ. ಹಡಗಲ್ಲಿ ಡಾಕ್ಟರ್ ಇರ್ತಾರಾ?

ಇರುತ್ತಾರೆ. ಸಣ್ಣ ಚಿಕಿತ್ಸಾಲಯವೂ ಇರುತ್ತದೆ, ಅಲ್ಲಿ ದುಡ್ಡು ಕೊಡಬೇಕು. ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಹಣ ಬರುವುದಿಲ್ಲ.

ನಾನು ಮಾಡಿದ ತಪ್ಪು ಕೇಳಿ. ಬಿಪಿ ಮಾತ್ರೆಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದ್ದೆ. ಬಂದರಿನಲ್ಲಿ ಸೂಟ್‌ಕೇಸ್ ಕೊಟ್ಟರೆ ಅದು ಕೋಣೆಗೆ ಬರಲು ಗಂಟೆಗಟ್ಟಲೆ ಆಗುತ್ತದೆ. ಅಮ್ಮನ ರಾತ್ರಿಯ ಮಾತ್ರೆಯ ಹೊತ್ತು ಮೀರಿತ್ತು, ನಾನು ಮೊಗಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಮಾತ್ರೆ, ಡಾಕ್ಟರ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಮಂಡಿ ನೋವು. ಮೆಟ್ಟಿಲು ಜಾಸ್ತಿನಾ?

ಲಿಫ್ಟ್ ಇದೆ. ಬಂದರಿನಲ್ಲಿ ಗಾಲಿ ಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಎಚ್ಚರ ಬೇಕಾದದ್ದು ಬಚ್ಚಲಿನ ಹೊಸ್ತಿಲಲ್ಲಿ. ಹಡಗಿನಲ್ಲಿ ಅದು ಎತ್ತರ, ರಾತ್ರಿ ಎಡವುತ್ತಾರೆ. ನಾವು ಬಚ್ಚಲಿನ ದೀಪ ಆರಿಸುತ್ತಲೇ ಇರಲಿಲ್ಲ.

ಶುದ್ಧ ಸಸ್ಯಾಹಾರಿಗಳು ನಾವು. ಊಟ ಸಿಗುತ್ತಾ? ಮುದ್ದೆ ಇಲ್ಲದೆ ಅಮ್ಮ ಇರ್ತಾರಾ?

ಭಾರತದಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರ, ಜೈನ ಊಟ ಧಾರಾಳ. ಇಡ್ಲಿ, ದೋಸೆ ಬೆಳಿಗ್ಗೆ ಇರುತ್ತದೆ. ಸಿಂಗಾಪುರದಿಂದ ಹೋಗುವಾಗ ಮೊದಲೇ ತಿಳಿಸಬೇಕು. ಮುದ್ದೆ ಬಸ್ಸಾರು ಮಾತ್ರ ಕೇಳಬೇಡಿ. ಮನೆಯ ಅಡುಗೆಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಪೊಟ್ಟಣದ ವಿಷಯದಲ್ಲಿ ಕಂಪನಿಯ ನಿಯಮ ಕೇಳಿಕೊಳ್ಳಿ.

ಕಾಫಿ?

ಇದು ನಿಜವಾದ ಕಷ್ಟ. ಬೆಲ್ಲದ ಕಾಫಿ ಕುಡಿದು ಬೆಳೆದವರಿಗೆ ಮೆಷಿನ್ನಿನ ಕಾಫಿ ಗಂಟಲಿಗೆ ಇಳಿಯುವುದಿಲ್ಲ. ಕೆಟಲ್, ಇಸ್ತ್ರಿಪೆಟ್ಟಿಗೆಯಂಥ ಬಿಸಿಯಾಗುವ ವಸ್ತುಗಳನ್ನು ಬೆಂಕಿಯ ಭಯದಿಂದ ತರಲು ಬಿಡುವುದಿಲ್ಲ. ಎರಡನೇ ಸಲ ಸೀಲ್ ಮಾಡಿದ ಕಾಫಿ ಪುಡಿಯ ಪೊಟ್ಟಣ, ಒಂದು ಬಿಳಿ ಬಟ್ಟೆ ತಂದೆವು. ಊಟದ ಕೋಣೆಯಲ್ಲಿ ಕುದಿನೀರು ಸಿಗುತ್ತದೆ. ಅಮ್ಮ ಅಲ್ಲೇ ಬಟ್ಟೆಯಲ್ಲಿ ಸೋಸಿದರು. ಬಡಿಸುವ ಹುಡುಗನೊಬ್ಬ ವಾಸನೆ ಹಿಡಿದು ಬಂದು ನಿಂತ. ಅವನಿಗೂ ಅರ್ಧ ಲೋಟ ಕೊಟ್ಟರು.

ಅಲ್ಲಿ ಸೀರೆ ಉಟ್ರೆ ಚೆನ್ನಾಗಿರುತ್ತಾ?

ಖಂಡಿತ. ಸಂಜೆಯ ಊಟಕ್ಕೆ ರೇಷ್ಮೆ ಸೀರೆ ಉಟ್ಟ ಅಮ್ಮನನ್ನು ಎಲ್ಲರೂ ತಿರುಗಿ ನೋಡಿದರು. ದಡಕ್ಕೆ ಹೋಗಲು ಸಣ್ಣ ದೋಣಿಗೆ ಇಳಿಯುವ ದಿನ ಚೂಡಿದಾರ, ಜಾರದ ಚಪ್ಪಲಿ. ಒಳಗೆ ಎಸಿ ಜೋರು, ಸ್ವೆಟರ್ ಬೇಕು.

## ಹಡಗಿನೊಳಗೆ

ಫೋನ್ ಸಿಗುತ್ತಾ? ಫೋನ್‌ಪೇ ನಡೆಯುತ್ತಾ?

ದಡ ಬಿಟ್ಟು ಸ್ವಲ್ಪ ದೂರ ಹೋದರೆ ನಮ್ಮ ಸಿಗ್ನಲ್ ಹೋಗುತ್ತದೆ. ಆಗ ಫೋನ್ ಹಡಗಿನ ಉಪಗ್ರಹ ಜಾಲ ಹಿಡಿದರೆ ಬಿಲ್ಲು ಭಾರಿ ಬರುತ್ತದೆ, ಫ್ಲೈಟ್ ಮೋಡಿಗೆ ಹಾಕಿಬಿಡಿ. ಹಡಗಿನ ವೈಫೈಗೆ ಬೇರೆ ದುಡ್ಡು. ಒಳಗಿನ ಖರ್ಚು ಕೋಣೆಯ ಕಾರ್ಡಿನ ಲೆಕ್ಕಕ್ಕೆ ಹೋಗುತ್ತದೆ, ಕೊನೆಗೆ ತೀರಿಸಬೇಕು. ಯುಪಿಐ ಒಂದನ್ನೇ ನಂಬಿ ಹೋಗಬೇಡಿ.

ಇಬ್ಬರೇ ಹೆಂಗಸರು. ಸೇಫಾ?

ನಮಗೆ ಯಾವ ತೊಂದರೆಯೂ ಆಗಲಿಲ್ಲ. ಎಲ್ಲ ಕಡೆ ಕ್ಯಾಮೆರಾ, ಸಿಬ್ಬಂದಿ ಇರುತ್ತಾರೆ. ಬಾರ್, ಕ್ಯಾಸಿನೋ ಬೇರೆ ಜಾಗದಲ್ಲಿ, ಬೇಡದವರು ಆ ಕಡೆ ಹೋಗದಿದ್ದರೆ ಆಯಿತು. ವಾರಾಂತ್ಯದ ಹಡಗಿನಲ್ಲಿ ಕುಡಿದು ಕೂಗಾಡುವ ಗುಂಪು ಜಾಸ್ತಿ. ವಾರದ ನಡುವೆ ಹೋಗಲು ಇದೂ ಒಂದು ಕಾರಣ.

ಮೂರು ದಿನ ಒಂದೇ ಕೋಣೆಯಲ್ಲಿ ಅಮ್ಮನ ಜೊತೆ! ಜಗಳ ಆಗಲ್ವಾ?

ಆಯಿತು. ಮೊದಲ ದಿನವೇ.

ನಾನು ಬೆಳಿಗ್ಗೆಯಿಂದ ರಾತ್ರಿ ತನಕ ಪಟ್ಟಿ ಮಾಡಿಕೊಂಡಿದ್ದೆ. ಒಂಬತ್ತಕ್ಕೆ ಇದು, ಹನ್ನೊಂದಕ್ಕೆ ಅದು, ಸಂಜೆ ಮ್ಯಾಜಿಕ್, ರಾತ್ರಿ ನೃತ್ಯ. ದುಡ್ಡು ಕೊಟ್ಟಿದ್ದೇವೆ, ಎಲ್ಲ ತೋರಿಸಬೇಕು ಅಂತ. ಅಮ್ಮ ಮಧ್ಯಾಹ್ನದ ಹೊತ್ತಿಗೆ ಮಾತು ನಿಲ್ಲಿಸಿದರು. "ನೀನು ಹೋಗು, ನಾನು ಇಲ್ಲೇ ಕೂತಿರ್ತೀನಿ" ಅಂದರು. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ್ದು ಯಾರಿಗೆ ಅಂತ ಅಂದುಬಿಟ್ಟೆ. ಅವರು ಸುಮ್ನೆ ಕಿಟಕಿ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದರೆ ಅಮ್ಮನ ಹಾಸಿಗೆ ಖಾಲಿ. ಎದೆ ಧಸಕ್ಕೆಂದಿತು. ಮೇಲಿನ ಡೆಕ್ಕಿನಲ್ಲಿ ಅವರು ಒಬ್ಬ ಗುಜರಾತಿ ಅಜ್ಜಿಯ ಜೊತೆ ಕೂತಿದ್ದರು. ಇವರಿಗೆ ಹಿಂದಿ ಬಾರದು, ಆಕೆಗೆ ಕನ್ನಡ ಬಾರದು. ಇಬ್ಬರೂ ಕೈ ಬಾಯಿ ಆಡಿಸಿ, ಮೊಮ್ಮಕ್ಕಳ ಎತ್ತರ ತೋರಿಸಿಕೊಂಡು ನಗುತ್ತಿದ್ದರು. ನಾನು ಹತ್ತಿರ ಹೋಗದೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಅಮ್ಮ ತಾನಾಗಿ ಒಬ್ಬರನ್ನು ಗೆಳತಿ ಮಾಡಿಕೊಂಡಿದ್ದನ್ನು ಅದುವರೆಗೆ ನಾನು ನೋಡಿರಲೇ ಇಲ್ಲ.

ಅವತ್ತಿನಿಂದ ನಮ್ಮ ನಿಯಮ ಹೀಗೆ. ದಿನಕ್ಕೆ ಒಂದೇ ಒಂದು ಕಾರ್ಯಕ್ರಮ ಒಟ್ಟಿಗೆ, ಅದನ್ನು ಒಂದು ದಿನ ಅವರು ಆರಿಸಬೇಕು, ಒಂದು ದಿನ ನಾನು. ಮಧ್ಯಾಹ್ನ ಎರಡು ಗಂಟೆ ಬೇರೆ ಬೇರೆ. ಕೋಣೆಯ ನಂಬರು ಬರೆದ ಚೀಟಿ ಅವರ ಪರ್ಸಿನಲ್ಲಿ. ರಾತ್ರಿ ದೀಪ ಆರಿದ ಮೇಲೆ ಅಮ್ಮ ತಾವಾಗಿಯೇ ಮಾತಾಡುತ್ತಾರೆ. ಮದುವೆಗೆ ಮುಂಚೆ ಟೈಪಿಂಗ್ ಕಲಿಯಲು ಹೋಗುತ್ತಿದ್ದದ್ದನ್ನು ಹೇಳಿದ್ದು ಹಾಗೇ. ನನಗೆ ಗೊತ್ತೇ ಇರಲಿಲ್ಲ.

## ಎರಡನೇ ಸಲ ಹೋಗುವವರಿಗೆ

ಲಕ್ಷದ್ವೀಪದ ಮಾರ್ಗ ಅಮ್ಮನಿಗೆ ಆಗುತ್ತಾ?

ಮಂಡಿ ಗಟ್ಟಿಯಿದ್ದರೆ. ಅಲ್ಲಿ ಹವಳದ ದಿಬ್ಬ, ಆಳವಿಲ್ಲದ ನೀರು. ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಗೆ ಇಳಿದು ಹೋಗಬೇಕು. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ. ದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕು. ಹಡಗಿನವರೇ ಮಾಡಿಸುತ್ತಾರೆಯೇ ಅಂತ ಕೇಳಿಕೊಳ್ಳಿ.

ಸಿಂಗಾಪುರದಿಂದ ಹೋಗೋಕೆ ಒಂದೇ ವೀಸಾ ಸಾಕಾ?

ಹಡಗು ಹತ್ತಿದರೆ ನೀವು ಸಿಂಗಾಪುರ ಬಿಟ್ಟ ಹಾಗೆ, ವಾಪಸ್ ಬಂದರೆ ಎರಡನೇ ಪ್ರವೇಶ. ಹಾಗಾಗಿ ಹಲವು ಸಲ ಪ್ರವೇಶಕ್ಕೆ ಅವಕಾಶ ಇರುವ ವೀಸಾ ಬೇಕು. ಅಲ್ಲಿಗೆ ತಲುಪುವ ಮೊದಲಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ಅನ್ನು ಆನ್‌ಲೈನಿನಲ್ಲಿ ತುಂಬಬೇಕು, ಅದು ಉಚಿತ. ಪೆನಾಂಗ್, ಫುಕೆಟ್‌ನಂಥ ನಡುವಿನ ಊರುಗಳ ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ಟಿನ ವಾರವೇ ನೋಡಿ.

ವಿದೇಶ ಪ್ಯಾಕೇಜಿಗೆ ಟಿಸಿಎಸ್ ಅಂತ ಹಿಡ್ಕೊಂಡ್ರು. ತೋಟದ ಆದಾಯ ಮಾತ್ರ ಇರೋರಿಗೆ ವಾಪಸ್ ಬರುತ್ತಾ?

ಟಿಸಿಎಸ್ ಅಂದರೆ ಪ್ಯಾಕೇಜ್ ಮಾರುವವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆ ಆಗಿರುತ್ತದೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿ ಕೇಳಿದರೆ ವಾಪಸ್ ಬರುತ್ತದೆ. ಕೇಳದಿದ್ದರೆ ಬರುವುದಿಲ್ಲ. ಅಮ್ಮನ ಹೆಸರಲ್ಲಿ ಬಿಲ್ ಮಾಡಿಸುವ ಮೊದಲು ಅವರ ಪ್ಯಾನ್, ಬ್ಯಾಂಕ್ ಖಾತೆ ಸರಿಯಾಗಿದೆಯೇ ನೋಡಿ.

ನಾನು ಬಸುರಿ. ಹೆರಿಗೆಗೆ ಮುಂಚೆ ಅಮ್ಮನ ಜೊತೆ ಹೋಗ್ಬೇಕು ಅಂತ ಆಸೆ.

ಹೆಚ್ಚಿನ ಕಂಪನಿಗಳು 24 ವಾರ ಆದ ಮೇಲೆ ಹತ್ತಿಸಿಕೊಳ್ಳುವುದಿಲ್ಲ. ಪ್ರವಾಸ ಮುಗಿಯುವ ದಿನಕ್ಕೆ ಎಷ್ಟು ವಾರ ಅಂತ ಲೆಕ್ಕ ಹಾಕಬೇಕು. ಡಾಕ್ಟರ ಪತ್ರವೂ ಬೇಕಾಗುತ್ತದೆ.

ಬಾಲ್ಕನಿ ತಗೊಂಡ್ರೆ ಯಾವ ಬದಿ ಒಳ್ಳೇದು?

ಮುಂಬೈಯಿಂದ ಗೋವಾಕ್ಕೆ ಹಡಗು ತೆಂಕಣಕ್ಕೆ ಹೋಗುತ್ತದೆ. ಬಲಬದಿಯ ಕೋಣೆಗೆ ಪಡುವಣ, ಅಂದರೆ ಸೂರ್ಯ ಮುಳುಗುವುದು ಕಾಣುತ್ತದೆ. ಎಡಬದಿಗೆ ದಡ. ವಾಪಸ್ ಬರುವಾಗ ತಿರುಗುಮುರುಗು. ನಾನು ಸೂರ್ಯಾಸ್ತ ಅಂತ ಬಲಬದಿ ಕೇಳಿದ್ದೆ. ಅಮ್ಮನಿಗೆ ಹಿಡಿಸಿದ್ದು ವಾಪಸ್ ಬರುವ ರಾತ್ರಿ. ದೂರದಲ್ಲಿ ಊರುಗಳ ದೀಪ ಒಂದೊಂದಾಗಿ ಸಾಗುತ್ತಿತ್ತು. ಸಿಂಗಾಪುರದ ಟಿಕೆಟ್ ಮಾಡಿಸುವಾಗ ಅವರು ಕೇಳಿದ್ದು ಒಂದೇ ಮಾತು: "ದಡ ಕಾಣೋ ಕಡೆ ತಗೊ."